ಟೊಮೇಟೊಗೆಂದು ಕಟ್ಟಿದ ಸ್ಪ್ರಿಂಗು

ತಾಯಲೂರು
9 ಜೂನ್ 2024
(ಬರೆದು, ಕಳಿಸದೆ ಇಟ್ಟ ಪತ್ರ)

ಮಾವ,

ಅಮ್ಮನಿಗೆ ಹುಷಾರಿಲ್ಲ. ಬೆನ್ನುನೋವು, ಬೆನ್ನುನೋವು ಎಂದು ಸಂಕ್ರಾಂತಿಯಿಂದ ಎಣ್ಣೆ ಹಚ್ಚಿಕೊಂಡು ಕೂತಿದ್ದಳಲ್ಲ, ಅದು ಬರೀ ಬೆನ್ನುನೋವಲ್ಲ. ಗಂಗಾಲಕ್ಷ್ಮಿ ಅತ್ತೆಯನ್ನು ತಿಂದ ಕಾಯಿಲೆಯೇ. ಬೆನ್ನುಮೂಳೆಗೆ ಇಳಿದಿದೆ. ವಾರಕ್ಕೊಮ್ಮೆ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಅವಳು ಕೂರಲಾರಳು, ಮಲಗಿಸಿಯೇ ಒಯ್ಯಬೇಕು. ನಮ್ಮ ತೋಟದಿಂದ ಕೆರೆ ಏರಿ ದಾಟುವವರೆಗಿನ ದಾರಿ ನಿಮಗೆ ಗೊತ್ತು. ಬಾಡಿಗೆ ಕಾರಿನವನೊಬ್ಬ ಬಂದಿದ್ದ, ಗಾಡಿಯ ತಳ ಕಲ್ಲಿಗೆ ತಗುಲಿಸಿಕೊಂಡು ಕೈ ಮುಗಿದು ಹೋದ. ನಾಲ್ಕೂ ಚಕ್ರಕ್ಕೆ ಎಳೆತವಿರುವ ನಮ್ಮ ಹಳೆಯ ಜಿಪ್ಸಿಯೇ ಗತಿ. ನೀವೇ ಮಿಲಿಟರಿ ಹರಾಜಿನಲ್ಲಿ ಕೊಡಿಸಿದ್ದು. ಹಿಂದಿನ ಸೀಟುಗಳನ್ನು ಬಿಚ್ಚಿ ಹಾಸಿಗೆ ಹಾಸಿದ್ದೇನೆ. ಆದರೂ ರಸ್ತೆಯ ಪ್ರತಿ ಹಂಪಿಗೂ ಅಮ್ಮ ಕೂಗುತ್ತಾಳೆ. ಮೊನ್ನೆ ಮುಳಬಾಗಿಲಿನ ಹತ್ತಿರ ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಈ ಗಾಡಿಯನ್ನು ಮೆತ್ತಗೆ ಮಾಡಿಕೊಡಿ ಮಾವ. ನನಗೆ ಬೇರೇನೂ ಬೇಡ.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ನೋಡಿಬಿಟ್ಟಳು. "ಯಾರಿಗೇ ಬರೀತಾ ಇದೀಯ? ಕದಿರನಿಗಾ? ಬ್ಯಾಡ ಕಣೇ. ಹೆಂಡ್ತಿನ ಎತ್ಕೊಂಡು ಆಸ್ಪತ್ರೆ ಆಸ್ಪತ್ರೆ ತಿರುಗಿ ಇನ್ನೂ ವರ್ಷ ಆಗಿಲ್ಲ. ಕುಲುಮೆ ಕಡೆ ತಲೆನೂ ಹಾಕ್ತಿಲ್ವಂತೆ. ಇದು ಗೊತ್ತಾದ್ರೆ ಅವನು ಉಳಿಯಲ್ಲ. ನನ್ನ ಮೇಲೆ ಆಣೆ" ಎಂದಳು. ಆಣೆ ಇಟ್ಟ ಮೇಲೆ ಈ ಕಾಗದ ಎಲ್ಲಿಗೂ ಹೋಗುವ ಹಾಗಿಲ್ಲ. ಬೇರೆ ಬರೆಯುತ್ತೇನೆ.

ತ್ರಿವೇಣಿ


ತಾಯಲೂರು
9 ಜೂನ್ 2024

ಪ್ರೀತಿಯ ಮಾವನಿಗೆ ತ್ರಿವೇಣಿ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ಎಂದಿನಂತೆ ನನ್ನನ್ನು ಬೈದುಕೊಂಡು ಗಟ್ಟಿಯಾಗಿದ್ದಾಳೆ. ನಮ್ಮ ಮನೆಯವರಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಹಾಗಾಗಿ ಗಾಡಿ ಓಡಿಸುವುದೆಲ್ಲ ನಾನೇ. ಫೋನು ಮಾಡಿದರೆ ನಿಮ್ಮ ಸೊಸೆ ಚಂದನ ಎತ್ತಿಕೊಂಡು, "ಮಾವನಿಗೆ ಏನೂ ಕೇಳ್ಸಲ್ಲ ಅಕ್ಕ, ಕಿವಿ ಮಷೀನು ಬಿಚ್ಚಿ ಡಬ್ಬಿಲಿ ಇಟ್ಟವ್ರೆ" ಎನ್ನುತ್ತಾಳೆ. ಜೀವಮಾನವೆಲ್ಲ ಸ್ಪ್ರಿಂಗ್ ಪಟ್ಟಿ ಬಡಿದು ಕಿವಿ ಕಳೆದುಕೊಂಡವರಿಗೆ ಕಾಗದವೇ ಸರಿ ಅಂದುಕೊಂಡೆ. ಕೋಲಾರದ ಮಂಡಿಯಿಂದ ಖಾಲಿ ಕ್ರೇಟು ಹೊತ್ತು ನಿಮ್ಮ ಕಡೆ ಬರುವ ಕೋದಂಡರಾಮಪ್ಪನವರ ಟೆಂಪೋದಲ್ಲಿ ಕಳಿಸಿದ್ದೇನೆ.

ವಿಷಯ ಜಿಪ್ಸಿಯದು. ಈ ಸಲ ಟೊಮೇಟೊ ನಾನೇ ಮಂಡಿಗೆ ಹಾಕುತ್ತಿದ್ದೇನೆ. ಗಾಡಿ ಕುದುರೆಯ ಹಾಗೆ ಎಗರುತ್ತದೆ. ಕೋಲಾರ ಸೇರುವಷ್ಟರಲ್ಲಿ ಅರ್ಧ ಹಣ್ಣು ಗೊಜ್ಜು. ನೀವು ಏನಾದರೂ ಮಾಡಿ ಸವಾರಿ ಮೆತ್ತಗಾಗುವಂತೆ ಮಾಡಿಕೊಡಬೇಕು. ತುಂಬಾ ನಾಜೂಕಿನ ಮಾಲು ಮಾವ, ಒಂದು ಚೂರೂ ಅಲುಗಬಾರದು. ಬೇಗ ಆದರೆ ಒಳ್ಳೆಯದು.

ನಿಮ್ಮ
ತ್ರಿವೇಣಿ


ಟೇಕಲ್
16 ಜೂನ್ 2024

ತಲ್ಲೀ ತ್ರಿವೇಣಿ,

ನಿನ್ನ ಕಾಗದ ಓದಿ ನಕ್ಕೆ. ನಾನು ನಕ್ಕಿದ್ದನ್ನು ನೋಡಿ ಚಂದನ ಅಡುಗೆಮನೆಯಿಂದ ಓಡಿ ಬಂದಳು. ಜಿಪ್ಸಿಗೆ ಮೆತ್ತನೆಯ ಸವಾರಿ ಬೇಕೇನೇ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಇರಲಿ, ಹೇಳುತ್ತೇನೆ ಕೇಳು. ಸ್ಪ್ರಿಂಗಿಗೆ ಕಣ್ಣಿಲ್ಲ, ಮೇಲೆ ಕೂತ ಭಾರವೊಂದೇ ಅದಕ್ಕೆ ಗೊತ್ತು. ಭಾರಕ್ಕೆ ತಕ್ಕ ಪಟ್ಟಿ ಇದ್ದರೆ ಗಾಡಿ ತೂಗುತ್ತದೆ. ಪಟ್ಟಿ ಜಾಸ್ತಿಯಾಗಿ ಭಾರ ಕಮ್ಮಿಯಾದರೆ ಒದೆಯುತ್ತದೆ. ಭಾರ ಜಾಸ್ತಿಯಾಗಿ ಪಟ್ಟಿ ಸೋತಿದ್ದರೆ ಕುಸಿದು ಅಚ್ಚಿಗೆ ಬಡಿಯುತ್ತದೆ, ಆಗ ಮಾಲೆಲ್ಲ ಎಗರಿ ಬೀಳುತ್ತದೆ. ನಿನ್ನದು ಈ ಮೂರನೆಯದು. ಆ ಗಾಡಿಯ ಪಟ್ಟಿಗಳು ಮಿಲಿಟರಿಯವರ ಕಾಲದವು, ಕ್ರೇಟು ಹೊತ್ತು ಹೊತ್ತು ನೆಟ್ಟಗಾಗಿರಬೇಕು.

ಅದಕ್ಕೆ ಹಿಂದಿನ ಎರಡೂ ಕಡೆಗೆ ಹೊಸ ಸೆಟ್ಟು ಕಟ್ಟಿದ್ದೇನೆ, ಪೂರ್ತಿ ಲೋಡಿಗೆ ಲೆಕ್ಕ ಹಾಕಿ. ಮುಳಬಾಗಿಲಿನ ವೆಂಕಟರಾಯಪ್ಪನ ಗ್ಯಾರೇಜಿಗೆ ಇಳಿಸಲು ಹೇಳಿದ್ದೇನೆ, ಅವನು ಕೂರಿಸಿಕೊಡುತ್ತಾನೆ. ಟೈರಿಗೆ ಗಾಳಿ ಲೋಡಿನಷ್ಟೇ ಬಿಗಿಯಾಗಿರಲಿ. ಕ್ರೇಟು ತುಂಬಿಕೊಂಡು ಹೊರಟು ನೋಡು, ತೊಟ್ಟಿಲು.

ಅಕ್ಕನಿಗೆ ಹೇಳು, ಕದಿರ ಕುಲುಮೆ ಹಚ್ಚಿದ ಎಂದು. ನಿನ್ನ ಅತ್ತೆ ಹೋದ ಮೇಲೆ ಇದೇ ಮೊದಲ ಕೆಲಸ. ಅದೂ ಅಕ್ಕನ ಮನೆಯ ಗಾಡಿಗೆ, ಅದಕ್ಕೇ ಕೈ ಬಂತು. ಶ್ರೀನಿವಾಸಪುರದ ಬಾದಾಮಿ ಮಾವಿನಹಣ್ಣು ಒಂದು ಬುಟ್ಟಿ ಇಟ್ಟಿದ್ದೇನೆ. ಎಲ್ಲ ನೀನೇ ತಿನ್ನಬೇಡ.

ನಿನ್ನ ಮಾವ
ಕದಿರಪ್ಪ


ತಾಯಲೂರು
30 ಜೂನ್ 2024

ಪ್ರೀತಿಯ ಮಾವನಿಗೆ,

ಪಟ್ಟಿ ಬಂತು, ವೆಂಕಟರಾಯಪ್ಪನವರು ಕೂರಿಸಿದರು. ಕದಿರಪ್ಪನ ಕೆಲಸ ಎಂದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದರು. ಹಣ್ಣೂ ಬಂತು. ಅಮ್ಮ ಒಂದು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಮೂಸಿ ಮೂಸಿ ನೋಡಿದಳು. ನೀವು ಕುಲುಮೆ ಹಚ್ಚಿದ್ದು ಕೇಳಿ ಅವಳಿಗಾದ ಸಂತೋಷ ಬರೆಯಲು ಬರುವುದಿಲ್ಲ.

ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಗಾಡಿ ಮೊದಲಿಗಿಂತ ಜಾಸ್ತಿ ಎತ್ತಿ ಹಾಕುತ್ತಿದೆ. ಹಂಪು ಬಂದರೆ ಮಾಲಿಗೆ ತುಂಬಾ ಏಟಾಗುತ್ತಿದೆ. ಮಾವ, ನಾನು ಭಾರ ಏನೂ ಜಾಸ್ತಿ ಹಾಕುವುದಿಲ್ಲ. ನಿಜವಾಗಿಯೂ ಹಾಕುವುದಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಏನಾದರೂ ದಾರಿ ಹೇಳಿ.

ನಿಮ್ಮ
ತ್ರಿವೇಣಿ


ಟೇಕಲ್
7 ಜುಲೈ 2024

ತಲ್ಲೀ,

ಭಾರ ಜಾಸ್ತಿ ಹಾಕುವುದಿಲ್ಲವಂತೆ! ಭಾರ ಜಾಸ್ತಿ ಹಾಕಿದೆ ಎಂದು ಒಪ್ಪಿಕೊಂಡ ಟೊಮೇಟೊ ರೈತ ಈ ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಇದೇ ಮಾತು ಹೇಳುತ್ತಾರೆ, ಗಾಡಿ ನೋಡಿದರೆ ಕ್ರೇಟು ಮುಗಿಲು ಮುಟ್ಟಿರುತ್ತದೆ. ನನ್ನ ಹತ್ತಿರವೇ ಈ ಆಟವೇನೇ? ಹೊಸ ಪಟ್ಟಿ ಹಾಕಿದ ಮೇಲೂ ಮಾಲಿಗೆ ಏಟು ಬೀಳುತ್ತಿದೆ ಎಂದರೆ ನೀನು ದುಪ್ಪಟ್ಟು ಹೇರುತ್ತಿದ್ದೀಯ ಎಂದೇ ಅರ್ಥ. ಬೈದು ಪ್ರಯೋಜನವಿಲ್ಲ. ಒಂದೊಂದು ಕಡೆಗೆ ಇನ್ನೊಂದು ದಪ್ಪ ಪಟ್ಟಿ ಕಳಿಸಿದ್ದೇನೆ. ನೀನು ಏನೇ ಹೇಳಿದರೂ ಹಾಕಲೇಬೇಕು ಎಂದು ವೆಂಕಟರಾಯಪ್ಪನಿಗೂ ಚೀಟಿ ಬರೆದಿದ್ದೇನೆ.

ಇನ್ನೊಂದು ಮಾತು. ನಿನ್ನ ಅತ್ತೆಯನ್ನು ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಒಯ್ಯುವಾಗ ಯಾರದೋ ಗಾಡಿ ಹಿಡಿಯುತ್ತಿದ್ದೆ. ಹತ್ತೂರಿನ ಗಾಡಿಗೆ ಪಟ್ಟಿ ಕಟ್ಟಿದವನು ಅವಳಿಗೆಂದು ಒಂದು ಮೆತ್ತನೆಯ ಗಾಡಿ ಮಾಡಿಕೊಡಲಿಲ್ಲ. ಈಗ ಕುಲುಮೆಯ ಮುಂದೆ ಕೂತರೆ ಅದೇ ಯೋಚನೆ. ನಿನ್ನ ಟೊಮೇಟೊ ಸುಖವಾಗಿ ಹೋಗಲಿ, ಅಷ್ಟಾದರೂ ಆಗಲಿ.

ಅಕ್ಕ ಯಾಕೆ ಎರಡು ಸಾಲು ಬರೆಯುವುದಿಲ್ಲ? ನನ್ನ ಮೇಲೆ ಕೋಪವೇ?

ಕದಿರಪ್ಪ


ತಾಯಲೂರು
4 ಆಗಸ್ಟ್ 2024

ಮಾವ,

ಟೊಮೇಟೊ ಅಲ್ಲ ಮಾವ. ಅಮ್ಮ.

ಈ ವರ್ಷ ನಾನು ಮಂಡಿಗೆ ಒಂದು ಕ್ರೇಟೂ ಒಯ್ದಿಲ್ಲ. ಗಾಡಿಯ ಹಿಂದೆ ಮಲಗಿ ಕೋಲಾರಕ್ಕೆ ಹೋಗಿ ಬರುತ್ತಿರುವುದು ಅಮ್ಮ. ಅತ್ತೆಗೆ ಬಂದದ್ದೇ ಅವಳಿಗೂ ಬಂದಿದೆ, ಬೆನ್ನುಮೂಳೆಗೆ ಹೋಗಿದೆ. ನಿಮಗೆ ಹೇಳಬಾರದೆಂದು ತನ್ನ ಮೇಲೆಯೇ ಆಣೆ ಇಡಿಸಿಕೊಂಡಿದ್ದಳು. ಇವತ್ತು ಆ ಆಣೆ ಮುರಿಯುತ್ತಿದ್ದೇನೆ. ಇದಕ್ಕಿಂತ ಕೆಟ್ಟದ್ದು ಇನ್ನೇನು ಆಗಬೇಕು?

ನೀವು ಹೇಳಿದ್ದೀರೆಂದು ವೆಂಕಟರಾಯಪ್ಪನವರು ಆ ದಪ್ಪ ಪಟ್ಟಿಗಳನ್ನೂ ಹಾಕಿಬಿಟ್ಟರು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಹೇಳಿದರೆ ನಾಳೆ ನಿಮ್ಮ ತನಕ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಮೊದಲ ಸೆಟ್ಟು ಹಾಕಿದಾಗ ಅಮ್ಮ ಹಲ್ಲು ಕಚ್ಚಿಕೊಂಡೇ, "ಚೆನ್ನಾಗೈತೆ ಕಣೇ, ಚೆನ್ನಾಗೈತೆ ಅಂತ ಕದಿರನಿಗೆ ಬರಿ" ಎನ್ನುತ್ತಿದ್ದಳು. ಎರಡನೆಯದು ಹಾಕಿದ ಮೇಲೆ ಆ ಮಾತೂ ನಿಂತಿತು. ಭಾರ ಬೇಕಲ್ಲ ಎಂದು ರಾಗಿ ಮೂಟೆ ಪೇರಿಸಿದೆ. ಗಾಡಿ ಸ್ವಲ್ಪ ಪಳಗಿತು, ಆದರೆ ಅವಳಿಗೆ ಕಾಲು ಚಾಚಲು ಜಾಗ ಉಳಿಯಲಿಲ್ಲ. ಮೂಟೆ ಇಳಿಸಿದೆ.

ಮೊನ್ನೆ ಆಸ್ಪತ್ರೆಯಲ್ಲಿ ಇಳಿಸುವಾಗ ನೋಡಿದರೆ ಸೆರಗನ್ನು ಕಚ್ಚಿ ಕಚ್ಚಿ ಹರಿದುಕೊಂಡಿದ್ದಾಳೆ. ಮನೆಗೆ ಬಂದು, "ಇನ್ನು ನಾನು ಬರಲ್ಲ ಕಣೇ. ಸಾಯೋದಾದ್ರೆ ಇಲ್ಲೇ ಸಾಯ್ತೀನಿ. ಆ ಗಾಡಿ ಮಾತ್ರ ಬ್ಯಾಡ" ಎಂದಳು. ನಿಮ್ಮ ಹೆಸರು ಎತ್ತಲಿಲ್ಲ.

ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆದರೆ ಆ ಪಟ್ಟಿಗಳಿಗೆ ಬದಲು ಏನಾದರೂ ಮಾಡಿಕೊಡಿ.

ತ್ರಿವೇಣಿ


ಟೇಕಲ್
18 ಆಗಸ್ಟ್ 2024

ತ್ರಿವೇಣಿಗೆ,

ನೀನು ಟೊಮೇಟೊ ಎಂದೆ, ಟೊಮೇಟೊಗೆ ಮಾಡಿದೆ. ಅಕ್ಕ ಎಂದಿದ್ದರೆ ಅಕ್ಕನಿಗೆ ಮಾಡುತ್ತಿದ್ದೆ.

ನಮ್ಮ ಅವ್ವ ಸತ್ತಾಗ ನಾನು ಇನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಅಕ್ಕನೇ ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದಳು. ಅದೇ ಸೊಂಟಕ್ಕೆ ನನ್ನ ಕೈಯಿಂದಲೇ ಏಟು ಹಾಕಿಸಿದೆಯಲ್ಲೇ. ಇದಕ್ಕಿಂತ ಹೆಚ್ಚು ಬರೆಯಲಾರೆ, ಬರೆದರೆ ಬಾಯಿಗೆ ಬಂದದ್ದು ಬರುತ್ತದೆ.

ಕಾಗದ ಬಂದ ದಿನವೇ ಬಸ್ಸು ಹತ್ತಬೇಕೆಂದು ಸ್ಟ್ಯಾಂಡಿನವರೆಗೆ ಹೋದೆ. ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ನಿಲ್ಲಲಿ ಎಂದು ತಿರುಗಿ ಬಂದೆ. ಮೊದಲು ಇದನ್ನು ಮಾಡಿ ಮುಗಿಸಬೇಕು ಎನಿಸಿತು. ಎರಡು ಸೆಟ್ಟು ಕಟ್ಟಿ ನೋಡಿ ಸಮಾಧಾನವಾಗದೆ ಬಿಸಾಡಿದೆ. ಇದು ಮೂರನೆಯದು. ಪಟ್ಟಿ ತೆಳು, ಉದ್ದ, ಸಂಖ್ಯೆ ಕಮ್ಮಿ. ಒಂದರ ಮೇಲೊಂದು ಉಜ್ಜದ ಹಾಗೆ ತುದಿಗಳಿಗೆ ರಬ್ಬರು ಕೂರಿಸಿದ್ದೇನೆ. ಮುಂದಿನ ಚಕ್ರಕ್ಕೂ ಬೇರೆ ಸೆಟ್ಟು ಇದೆ. ಹಳೆಯದನ್ನೆಲ್ಲ ಬಿಚ್ಚಿಸು. ಬುಷ್ಷು, ಶಾಕ್ ಅಬ್ಸಾರ್ಬರು ಎಲ್ಲ ಹೊಸದಾಗಿ ಇಟ್ಟಿದ್ದೇನೆ, ಅದನ್ನೂ ಹಾಕಿಸು. ಟೈರಿನ ಗಾಳಿ ಇಳಿಸು, ಕೈಯಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು. ಅಕ್ಕನ ತಲೆ ನಿನ್ನ ಸೀಟಿನ ಕಡೆಗೆ ಇರಲಿ, ಹಿಂದಿನ ಅಚ್ಚಿನ ಮೇಲೆ ಬರಬಾರದು. ಕೆಳಗೆ ತೆಂಗಿನ ನಾರಿನ ಹಾಸಿಗೆ, ಮೇಲೆ ಹತ್ತಿಯದು. ಈ ಗಾಡಿಗೆ ಇನ್ನು ಕ್ರೇಟು ಹತ್ತಿಸಬೇಡ, ತಡೆಯುವುದಿಲ್ಲ.

ಅವಳು ಒಂದು ಸಲ ಇದರಲ್ಲಿ ಹೋಗಿ ಬರಲಿ. ಮುಂದಿನ ಭಾನುವಾರ ಬರುತ್ತೇನೆ. ಆಗ ನೋಡುತ್ತೇನೆ ಅವಳ ಮುಖ.

ಕದಿರಪ್ಪ


ತಾಯಲೂರು
5 ಸೆಪ್ಟೆಂಬರ್ 2024

ಮಾವ,

ನೀವು ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೂ ಇಲ್ಲೇ ಇದ್ದಿರಿ. ಅಷ್ಟು ದಿನವೂ ನನ್ನ ಹತ್ತಿರ ಒಂದು ಮಾತಾಡಲಿಲ್ಲ. ಮೊನ್ನೆ ಕೋಲಾರದ ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ಮುಂದಿನ ಸೀಟಿನ ಬಾಗಿಲು ತೆಗೆದೆ. ನೀವು ಹಿಂದೆ ಹೋಗಿ ಕೂತಿರಿ. ನನ್ನ ಪಕ್ಕ ಕೂರಲೂ ಮನಸ್ಸಾಗಲಿಲ್ಲ ಎಂದು ಅರ್ಥವಾಯಿತು. ಅದು ನ್ಯಾಯವೇ.

ಆದರೂ ನಿಮಗೊಂದು ವಿಷಯ ಹೇಳಬೇಕು. ಅಲ್ಲಿ ಹೇಳಬೇಕಾಗಿದ್ದರೆ ನಿಮ್ಮ ಕಿವಿಯಲ್ಲಿ ಕೂಗಬೇಕಿತ್ತು, ಊರೆಲ್ಲ ಕೇಳುತ್ತಿತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಅವತ್ತು ಗುರುವಾರ. ಗಾಡಿಗೆ ನಿಮ್ಮ ಹೊಸ ಸೆಟ್ಟು ಹಾಕಿಸಿದ್ದೆ. ಅಮ್ಮ ಬರುವುದೇ ಇಲ್ಲ ಎಂದು ಹಟ ಹಿಡಿದಳು. "ಇದು ಟೊಮೇಟೊಗೆ ಮಾಡಿದ್ದಲ್ಲ, ನಿನಗೇ ಅಂತ ಮಾಡವ್ರೆ. ಮಾವನಿಗೆ ಎಲ್ಲ ಹೇಳ್ಬಿಟ್ಟೆ" ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಎತ್ತಿಕೊಳ್ಳಲು ನನ್ನ ಕೊರಳಿಗೆ ಕೈ ಹಾಕಿದಳು, ಗಾಡಿಯಲ್ಲಿ ಮಲಗಿಸಿದೆ. ಕೆರೆ ಏರಿ ದಾಟುವಾಗ ಹಿಂದಿನಿಂದ ಕೇಳಿದಳು, "ಏನೇ, ಗಾಡಿ ನಿಂತೈತಾ, ಓಡ್ತೈತಾ?" ಎಷ್ಟೋ ದಿನದ ಮೇಲೆ ನಕ್ಕಳು ಮಾವ. ಅವಳ ಮಾತು ಕೇಳಲೆಂದು ನಿಧಾನಕ್ಕೆ ಓಡಿಸಿದೆ, ಕೋಲಾರದವರೆಗೂ ಮಾತಾಡಿಕೊಂಡೇ ಬಂದಳು. ನೀವು ಚಿಕ್ಕವರಿದ್ದಾಗ ಹೊಂಗೆ ಮರದಿಂದ ಬಿದ್ದದ್ದು, ಅವಳ ಬಳೆ ಒಡೆದದ್ದು, ಎಲ್ಲ. "ಕದಿರನ ಕೈ ಕಣೇ ಇದು, ನಂಗೊತ್ತು" ಎಂದಳು. ಇದನ್ನು ನಿಮಗೆ ತಲುಪಿಸಲೇಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, "ಇನ್ನು ಕರ್ಕೊಂಡು ಬರ್ಬೇಡಿಮ್ಮ, ಮನೇಲೇ ಚೆನ್ನಾಗಿ ನೋಡ್ಕೊಳಿ" ಎಂದರು. ಗಾಡಿ ಸರಿಹೋದ ದಿನವೇ ಆ ಮಾತು. ಅಮ್ಮನಿಗೆ ಹೇಳಲಿಲ್ಲ. ಹೊರಟೆವು. ಕೋಲಾರ ದಾಟಿದ ಮೇಲೆ ಅಮ್ಮ, "ನಿದ್ದೆ ಬರ್ತೈತೆ ಕಣೇ" ಎಂದಳು. "ಮಲ್ಕೋಮ್ಮ" ಎಂದು ವೇಗ ಹೆಚ್ಚಿಸಿದೆ.

ಆಮೇಲೆ ಅವಳ ದನಿ ಇಲ್ಲ. ಹಂಪು ಬಂತು, ದನಿ ಇಲ್ಲ. ಗುಂಡಿ ಬಂತು, ದನಿ ಇಲ್ಲ. ಆಸ್ಪತ್ರೆಯ ಮಾತೂ ಮರೆತು ನನಗೆ ಕುಣಿಯುವಷ್ಟು ಸಂತೋಷ. ನಿಮಗೆ ಬರೆಯಬೇಕಾದ ಕಾಗದವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ಮುಳಬಾಗಿಲಿನ ಹತ್ತಿರ, ನಾನು ಹಿಂದೆ ಅತ್ತಿದ್ದೆನಲ್ಲ, ಅದೇ ದೊಡ್ಡ ಹಂಪು. ಪರೀಕ್ಷೆ ಮಾಡೋಣ ಎಂದು ಬೇಕೆಂದೇ ನಿಧಾನ ಮಾಡದೆ ಹಾರಿಸಿದೆ. ಅಲ್ಲೂ ಸದ್ದಿಲ್ಲ. ನಾನು ನಕ್ಕೆ ಮಾವ. ಜೋರಾಗಿ ನಕ್ಕೆ.

ಮನೆ ಮುಂದೆ ನಿಲ್ಲಿಸಿ ಎಬ್ಬಿಸಲು ಕೈ ಹಿಡಿದೆ. ತಣ್ಣಗಿತ್ತು.

ಮನೆಗೆ ಬಂದ ಮೇಲೆ ಹೋದಳು ಎಂದು ಎಲ್ಲರಿಗೂ ಹೇಳಿದ್ದೇನೆ. ನಮ್ಮ ಮನೆಯವರಿಗೂ ಹಾಗೆಯೇ ಹೇಳಿದ್ದು. ನಿಜವಾಗಿ ಎಲ್ಲಿ ಹೋದಳೋ ನನಗೆ ಗೊತ್ತಿಲ್ಲ. ಅವಳ ತಲೆ ನನ್ನ ಸೀಟಿಗೆ ತಾಗುವಷ್ಟು ಹತ್ತಿರ ಇತ್ತು. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು. ಗಾಡಿ ನಿಲ್ಲಿಸಿ ಅವಳ ಕೈ ಹಿಡಿದುಕೊಂಡು ಕೂರುತ್ತಿದ್ದೆ. ಅದರ ಬದಲು ಹಂಪು ಹಾರಿಸಿದೆ.

ಇದನ್ನು ಯಾರಿಗೂ ಹೇಳಲಾರೆ. ನಿಮ್ಮ ಕೋಪ ಹೇಗೂ ಇದೆಯಲ್ಲ, ಅದರ ಜೊತೆಗೆ ಇದೂ ಇರಲಿ.

ತ್ರಿವೇಣಿ


ಟೇಕಲ್
15 ಸೆಪ್ಟೆಂಬರ್ 2024

ತಲ್ಲೀ,

ನಿನ್ನ ಕಾಗದವನ್ನು ದಿನವೂ ಓದುತ್ತಿದ್ದೇನೆ. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಜೂನಿನಲ್ಲೇ ಹೇಳಿದ್ದರೆ ಅವಳಿಗೆ ಅಷ್ಟು ನೋವು ಇರುತ್ತಿರಲಿಲ್ಲ ಎಂಬುದು ಸಾಯುವವರೆಗೂ ನನ್ನ ಎದೆಯಲ್ಲಿರುತ್ತದೆ. ಹಾಗೆಯೇ, ನಿನ್ನ ಕಾಗದ ಬಂದ ದಿನ ಬಸ್ಸು ಹತ್ತಿದ್ದರೆ ಅವಳ ಜೊತೆ ಎರಡು ವಾರ ಇರುತ್ತಿದ್ದೆ ಎಂಬುದೂ ಇರುತ್ತದೆ. ಮುಖ ತೋರಿಸಲಾರೆ ಎಂದು ಕಬ್ಬಿಣದ ಮುಂದೆ ಕೂತೆ. ಅವಳಿಗೆ ಬೇಕಾಗಿದ್ದದ್ದು ಯಾವುದೋ, ಕೇಳಲೂ ಇಲ್ಲ.

ಆದರೆ ನಾನು ಹಿಂದೆ ಕೂತ ವಿಷಯ ನೀನು ತಪ್ಪು ತಿಳಿದಿದ್ದೀಯ. ನಿನ್ನ ಪಕ್ಕ ಕೂರಬಾರದೆಂದು ಹಿಂದೆ ಹೋಗಲಿಲ್ಲ ಕಣಮ್ಮ. ಅವಳು ಮಲಗಿದ ಜಾಗದಲ್ಲಿ ಮಲಗಿ ನೋಡಬೇಕು ಎನಿಸಿತು. ಗಾಡಿ ಊರು ಬಿಟ್ಟ ಮೇಲೆ ಹಾಸಿಗೆಯ ಮೇಲೆ ಮಲಗಿದೆ, ಅವಳ ಹಾಗೆಯೇ, ತಲೆ ನಿನ್ನ ಕಡೆಗೆ ಇಟ್ಟು. ಪ್ರತಿ ಹಂಪಿಗೂ ಮೈ ಬಿಗಿ ಹಿಡಿದು ಕಾಯುತ್ತಿದ್ದೆ. ಏಟು ಬರಲೇ ಇಲ್ಲ. ಮೆತ್ತಗೆ ಎತ್ತಿ ಮೆತ್ತಗೆ ಇಳಿಸಿತು. ಇಷ್ಟು ವರ್ಷದಲ್ಲಿ ಇಷ್ಟು ಒಳ್ಳೆಯ ಕೆಲಸ ನಾನು ಮಾಡಿಲ್ಲ. ಹಾಗಾಗಿ ಅವತ್ತು ಅವಳಿಗೆ ನೋವಾಗಿಲ್ಲ. ಅದನ್ನು ನಂಬು.

ಅಲ್ಲಿ ಮಲಗಿ ನಾನು ಅತ್ತೆ. ಮುಳಬಾಗಿಲಿನಿಂದ ಕೋಲಾರದವರೆಗೆ ಅತ್ತೆ. ಎಷ್ಟು ಜೋರಾಗಿ ಅತ್ತೆನೋ ಕಿವುಡನಿಗೆ ಹೇಗೆ ಗೊತ್ತಾಗಬೇಕು? ಗಂಟಲು ಕಟ್ಟಿಹೋಯಿತು, ಆದ್ದರಿಂದ ಜೋರಾಗಿಯೇ ಇರಬೇಕು. ಎರಡು ಸಲ ನಿನ್ನ ಹೆಸರು ಹಿಡಿದು ಕರೆದೆ. ನೀನು ತಿರುಗಲಿಲ್ಲ. ಕೇಳಿಯೂ ಕೇಳದ ಹಾಗೆ ಕೂತಿದ್ದೀಯ ಎಂದು ಆಗ ಸಿಟ್ಟು ಬಂತು. ಈಗ ನಿನ್ನ ಕಾಗದ ಓದಿದೆ, ನಾನು ಅತ್ತದ್ದರ ಸುದ್ದಿಯೇ ಅದರಲ್ಲಿಲ್ಲ, ಆಗ ಗೊತ್ತಾಯಿತು. ಆ ವೇಗಕ್ಕೆ ಇಂಜಿನ್ನಿನ ಸದ್ದು, ಪಟಪಟ ಬಡಿಯುವ ಟಾರ್ಪಾಲು, ಲಾರಿಗಳ ಗಾಳಿ. ನಿನಗೆ ಕೇಳಿಸಲೇ ಇಲ್ಲ. ಏಟು ತಿಂದವರ ಕೂಗು ಕೇಳಿಸುತ್ತದೆಯೇನೋ, ಮೆತ್ತಗೆ ಮಲಗಿ ಕರೆದವರ ದನಿ ಕೇಳಿಸುವುದಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದೇ ಹತ್ತು ದಿನ ಹಿಡಿಯಿತು. ನೀನು ತಿರುಗದೇ ಇದ್ದದ್ದು ನಿನ್ನ ತಪ್ಪಲ್ಲ ಎಂದು ಹೇಳಲು ಹೊರಟೆ. ಹೇಳಿದರೆ ಇನ್ನೊಂದು ಮಾತೂ ಹೇಳಿದ ಹಾಗಾಗುತ್ತದೆ. ಅವಳು ಕರೆದಿರಲೂಬಹುದು. ಸುಮ್ಮನೆ ನಿದ್ದೆಯಲ್ಲೇ ಹೋಗಿರಲೂಬಹುದು. ಬರೆಯದೆ ಬಿಟ್ಟರೆ ಮತ್ತೆ ಒಬ್ಬರಿಗೊಬ್ಬರು ಮುಚ್ಚಿಟ್ಟ ಹಾಗೆ. ಮುಚ್ಚಿಟ್ಟದ್ದು ಸಾಕು.

ಬರುವ ಭಾನುವಾರ ತಾಯಲೂರಿಗೆ ಬರುತ್ತೇನೆ. ನನ್ನ ಕಿವಿಯಲ್ಲಿ ಕೂಗಬೇಕಾಗಿಲ್ಲ. ಸುಮ್ಮನೆ ಕೂತಿರೋಣ. ಅವಳು ಕರೆದಳೋ ಇಲ್ಲವೋ ಎಂದು ಇರುವಷ್ಟು ದಿನ ಕೇಳಿಕೊಳ್ಳುತ್ತಲೇ ಇರಬೇಕು ತಲ್ಲೀ. ನೀನೊಬ್ಬಳೇ ಕೇಳಿಕೊಳ್ಳಬೇಡ.

ಕದಿರಪ್ಪ